ಬ್ರೇಜಿಂಗ್, ವೆಲ್ಡಿಂಗ್, ಸೋಲ್ಡರಿಂಗ್: ಮೂರಕ್ಕೂ ಬೆಸುಗೆಯೇ?

ಎಲ್ಲರಿಗೂ ನಮಸ್ಕಾರ. ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಗೆ ಕನ್ನಡ ಬೋರ್ಡು ಬರೆದುಕೊಡಬೇಕು. ನಾಳೆ ಬೆಳಿಗ್ಗೆಯೇ ಪೇಂಟರ್ ಕೈಗೆ ಹೋಗುತ್ತದೆ. ವೆಲ್ಡಿಂಗ್, ಬ್ರೇಜಿಂಗ್, ಸೋಲ್ಡರಿಂಗ್ ಬೇರೆ ಬೇರೆ ವಿಭಾಗ. ನಿಘಂಟು ತೆಗೆದರೆ ಎಲ್ಲಕ್ಕೂ ಬೆಸುಗೆ! ವೆಲ್ಡಿಂಗಿನಲ್ಲಿ ಜೋಡಿಸುವ ಲೋಹವೇ ಕರಗುತ್ತದೆ. ಬ್ರೇಜಿಂಗಿನಲ್ಲಿ ಅದು ಕರಗದು, ಬೇರೊಂದು ಲೋಹ ಕರಗಿ ಸಂದಿಯೊಳಗೆ ತಾನಾಗಿ ಹರಿದುಕೊಳ್ಳುತ್ತದೆ. ಆ ಲೋಹ 450 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕರಗಿದರೆ ಸೋಲ್ಡರಿಂಗ್, ಮೇಲಾದರೆ ಬ್ರೇಜಿಂಗ್. ಹೀಟ್ ಟ್ರೀಟ್‌ಮೆಂಟ್ (ಲೋಹವನ್ನು ಕಾಯಿಸಿ, ತಣಿಸಿ ಗುಣ ಬದಲಿಸುವುದು) ಮತ್ತು ಎನ್‌ಡಿಟಿಗೂ (ನಾನ್-ಡಿಸ್ಟ್ರಕ್ಟಿವ್ ಟೆಸ್ಟಿಂಗ್, ಅಂದರೆ ಭಾಗವನ್ನು ಹಾಳುಮಾಡದೆ ಪರೀಕ್ಷಿಸುವುದು) ಪದ ಬೇಕಿತ್ತು.

ಉತ್ತರ:
ಬೆಸೆ ಅಚ್ಚಗನ್ನಡ. ಉಡು, ಉಡುಗೆ ಇದ್ದ ಹಾಗೆ ಬೆಸೆ, ಬೆಸುಗೆ. ಅದರ ಮೇಲೇ ಕಟ್ಟಿ. ವೆಲ್ಡಿಂಗಿಗೆ ಕರಗುಬೆಸುಗೆ, ಬ್ರೇಜಿಂಗಿಗೆ ಸಂದಿಬೆಸುಗೆ, ಸೋಲ್ಡರಿಂಗಿಗೆ ಕಿರುಬೆಸುಗೆ. ಹೀಟ್ ಟ್ರೀಟ್‌ಮೆಂಟಿಗೆ ಹದ. ಉಷ್ಣೋಪಚಾರ ಅಂತ ಮಾತ್ರ ಬರೆಯಬೇಡಿ, ಮಂಡಿನೋವಿನವರು ಒಳಗೆ ಬಂದಾರು.

ಉತ್ತರ:
> ವೆಲ್ಡಿಂಗಿಗೆ ಕರಗುಬೆಸುಗೆ
ಆಗಲ್ಲ. 1991ರಲ್ಲೇ ಫ್ರಿಕ್ಷನ್ ಸ್ಟರ್ ವೆಲ್ಡಿಂಗ್ ಬಂದಿದೆ. ತಿರುಗುವ ಗೂಟ ಅಲ್ಯುಮಿನಿಯಂ ಅಂಚುಗಳನ್ನು ಉಜ್ಜಿ, ಬಿಸಿಗೆ ಮೆದುವಾಗಿಸಿ, ಕಲಸಿಬಿಡುತ್ತದೆ. ಏನೂ ಕರಗಲ್ಲ. ಹದ ಚೆನ್ನಾಗಿದೆ, ಲೋಹ ಗಟ್ಟಿ ಮಾಡಿದರೂ ಮೆದು ಮಾಡಿದರೂ ಹೊಂದುತ್ತೆ, ಇಟ್ಟುಕೊಳ್ಳಿ. ಉಳಿದದ್ದು ಕೆಲಸದವರ ಬಾಯಲ್ಲಿ ಇರುವ ಹಾಗೇ ಬರೆಯಿರಿ. ಇವೆಲ್ಲ ವಿಶೇಷ ಪ್ರಕ್ರಿಯೆಗಳು. ಮುಗಿದ ಮೇಲೆ ಭಾಗವನ್ನು ಕತ್ತರಿಸಿ ನೋಡದೆ ಒಳಗೆ ಸರಿಯಾಗಿದೆಯೋ ಇಲ್ಲವೋ ಪೂರ್ತಿ ಗೊತ್ತಾಗಲ್ಲ. ಅದಕ್ಕೇ ಹಂತಹಂತಕ್ಕೂ ಕಾಗದ. ಕಾಗದದಲ್ಲಿ ಬ್ರೇಜಿಂಗ್, ಬಾಗಿಲ ಮೇಲೆ ಸಂದಿಬೆಸುಗೆ ಅಂದರೆ ಹೊಸ ಹುಡುಗ ಎಲ್ಲಿಗೆ ಹೋಗಬೇಕು?

ಉತ್ತರ:
ಎನ್‌ಡಿಟಿಗೆ 'ಅವಿನಾಶಿ ಪರೀಕ್ಷೆ' ಆಗಬಹುದಲ್ವಾ?

ಉತ್ತರ:
ಅವಿನಾಶಿ ಅಂದರೆ ನಾಶವಿಲ್ಲದ್ದು. ಪರೀಕ್ಷೆಗೇ ಸಾವಿಲ್ಲವೋ? ಸಂಸ್ಕೃತ ಗೊತ್ತಿಲ್ಲದೆ ಸಂಸ್ಕೃತ ಬಳಸಿದರೆ ಹೀಗೇ. 'ಕೆಡಿಸದ ಒರೆ' ಅನ್ನಿ.

ಉತ್ತರ:
ಒರೆ ಹಚ್ಚಿದರೆ ಚಿನ್ನ ಸವೆಯುತ್ತೆ ಸ್ವಾಮಿ. ಇಲ್ಲಿ ಹೊಳೆಯುವ ದ್ರವ ಹಚ್ಚಿ, ಬಿರುಕಿಗೆ ಇಳಿಯಲು ಬಿಟ್ಟು, ಮೇಲಿನದನ್ನು ತೊಳೆದು, ಒಣಗಿಸಿ, ಬಿಳಿ ಪುಡಿ ಹಾಕುತ್ತಾರೆ. ಆಮೇಲೆ ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ಕೂದಲೆಳೆಯ ಬಿರುಕೂ ಹಸಿರು ಗೆರೆಯಾಗಿ ಕಾಣುತ್ತೆ. ಭಾಗಕ್ಕೆ ಒಂದು ಗೀರೂ ಬೀಳಲ್ಲ. 'ಕೆಡಿಸದ ತಪಾಸಣೆ' ಸಾಕು.

ಉತ್ತರ:
ತಪಾಸಣೆ ಮರಾಠಿ.

ಉತ್ತರ:
ಕಾರ್ಖಾನೆ ಪಾರಸಿ. ಅದನ್ನೂ ಖಾಲಿ ಮಾಡಿಸೋಣವಾ? ಎರವಲು ಬೇಡ ಅನ್ನುವವರು ಮೊದಲು ಮೇಜು, ಕುರ್ಚಿ ಬಿಟ್ಟು ನೆಲದ ಮೇಲೆ ಕೂತು ಬರೆಯಲಿ.

ಉತ್ತರ:
ಬಂದ ಪದಕ್ಕೆಲ್ಲ ಬಾಗಿಲು ತೆಗೆಯುತ್ತಾ ಹೋದರೆ ಕೊನೆಗೆ ಕನ್ನಡದ್ದು ಅಂತ ವಿಭಕ್ತಿ ಪ್ರತ್ಯಯ ಮಾತ್ರ ಉಳಿಯುತ್ತೆ. ನನ್ನ ಮಾತು ಮುಗಿಯಿತು.

ಕೇಳಿದವರಿಂದ:
ಎಲ್ಲರಿಗೂ ಥ್ಯಾಂಕ್ಸ್. 'ವೆಲ್ಡಿಂಗ್ ಬೆಸುಗೆ', 'ಬ್ರೇಜಿಂಗ್ ಬೆಸುಗೆ', 'ಸೋಲ್ಡರಿಂಗ್ ಬೆಸುಗೆ', 'ಹದ ವಿಭಾಗ', 'ಕೆಡಿಸದ ತಪಾಸಣೆ' ಅಂತ ಕೊಟ್ಟಿದ್ದೇನೆ. ಒಂದು ಬೋರ್ಡು ಇನ್ನೂ ಖಾಲಿ: ಶಾಟ್ ಪೀನಿಂಗ್. ಸಣ್ಣ ಗುಂಡುಗಳನ್ನು ರಭಸದಿಂದ ಲೋಹದ ಮೈಗೆ ಬಡಿಸಿ ಮೇಲಿನ ಪದರವನ್ನು ಅದುಮುವುದು. ಆ ಒತ್ತಡ ಉಳಿದುಕೊಳ್ಳುವುದರಿಂದ ಬಿರುಕು ಬೇಗ ಬಾಯಿ ಬಿಡುವುದಿಲ್ಲ. 'ಗುಂಡು ಹೊಡೆಯುವ ವಿಭಾಗ' ಅಂತ ಬರೆಯಲು ನನಗೆ ಧೈರ್ಯವಿಲ್ಲ. ರಾತ್ರಿಯೊಳಗೆ ಯಾರಾದರೂ ಹೇಳಿ.