ಪ್ರತಿಗಾಮಿ ಅಂದ್ರೆ ಬರೀ ಬೈಗುಳವಾ, ಅದಕ್ಕೊಂದು ತತ್ವ ಇದೆಯಾ?

ಮಂಕುದೀಪ:
ವಾದದಲ್ಲಿ ಯಾರಾದರೂ ಒಪ್ಪದಿದ್ದರೆ 'ಪ್ರತಿಗಾಮಿ' ಅಂತ ಹಣೆಪಟ್ಟಿ ಹಚ್ಚುವುದನ್ನು ದಿನಾ ನೋಡುತ್ತೇನೆ. ನಾನೂ ಹಚ್ಚಿದ್ದೇನೆ, ಸುಳ್ಳೇಕೆ. ಮೊನ್ನೆ ಹಾಗೆ ಹಚ್ಚಿಸಿಕೊಂಡ ಗೆಳೆಯನೊಬ್ಬ ತಿರುಗಿ ಕೇಳಿದ, ಹಾಗಂದ್ರೆ ಏನು ಹೇಳು ನೋಡೋಣ ಅಂತ. ಬಾಯಿ ಕಟ್ಟಿತು. ಹಳೆಯದು ಇಷ್ಟ ಅನ್ನುವವರೆಲ್ಲ ಪ್ರತಿಗಾಮಿಗಳಾದರೆ ಯಾರೂ ಉಳಿಯುವುದಿಲ್ಲ, ಅಲ್ವಾ? ಸಂಪ್ರದಾಯವಾದಿಗೂ ಪ್ರತಿಗಾಮಿಗೂ ಏನು ವ್ಯತ್ಯಾಸ? ಸಮಾನತೆ, ಮಾನವ ಹಕ್ಕು, ಪ್ರಜಾಪ್ರಭುತ್ವ ಯಾವುದೂ ಬೇಡ ಅನ್ನುವವರು ಸುಮ್ನೆ ಸಿಟ್ಟಿಗೆ ಹಾಗೆ ಹೇಳುತ್ತಾರಾ, ಇಲ್ಲಾ ಅದರ ಹಿಂದೆ ಯೋಚನೆ ಇದೆಯಾ? ಓದಿಕೊಂಡವರು ಬಿಡಿಸಿ ಹೇಳಿ. ಜಗಳ ಬೇಡ.

ಹಳೇಬೇರು:
ಇದೆ, ಅದೂ ಗಟ್ಟಿ ಯೋಚನೆ. ಒಪ್ಪಬೇಕಾಗಿಲ್ಲ, ಆದರೆ ಪೆದ್ದರು ಅಂತ ತಳ್ಳಿಹಾಕಲು ಆಗುವುದಿಲ್ಲ. ಕತೆ ಶುರುವಾಗುವುದು 1789ರ ಫ್ರೆಂಚ್ ಕ್ರಾಂತಿಯಿಂದ. ಮರುವರ್ಷವೇ ಇಂಗ್ಲೆಂಡಿನಲ್ಲಿ ಎಡ್ಮಂಡ್ ಬರ್ಕ್ ಕ್ರಾಂತಿಯನ್ನು ಬೈದು ಪುಸ್ತಕ ಬರೆದ. ಅವನು ಸಂಪ್ರದಾಯವಾದಿ. ಮನೆ ಸೋರಿದರೆ ಹೆಂಚು ಬದಲಿಸಿ, ಗೋಡೆ ಕೆಡವಬೇಡಿ ಅನ್ನುವವರ ಪೈಕಿ.

ಪ್ರತಿಗಾಮಿಯನ್ನು ನೋಡಬೇಕಾದರೆ ಜೋಸೆಫ್ ದ ಮೇಸ್ತ್ರ್ ಹತ್ತಿರ ಹೋಗಬೇಕು. ಆಗ ಫ್ರಾನ್ಸಿಗೆ ಸೇರಿರದ, ಅದರ ಗಡಿಯ ಸವಾಯ್ ಪ್ರಾಂತ್ಯದವನು. 1792ರಲ್ಲಿ ಫ್ರೆಂಚ್ ಸೈನ್ಯ ಅಲ್ಲಿಗೆ ನುಗ್ಗಿದಾಗ ಊರು ಬಿಟ್ಟ, ಆಸ್ತಿಯೂ ಹೋಯಿತು. ಅವನು ಕೆಣಕುವುದು ಹೀಗೆ: ಫ್ರೆಂಚರನ್ನು ನೋಡಿದ್ದೇನೆ, ಇಟಲಿಯವರನ್ನು ನೋಡಿದ್ದೇನೆ, ರಷ್ಯದವರನ್ನೂ ನೋಡಿದ್ದೇನೆ, ಈ 'ಮನುಷ್ಯ' ಅನ್ನುವವನನ್ನು ಮಾತ್ರ ಎಲ್ಲೂ ಕಂಡಿಲ್ಲ. ಅಂದರೆ ಕ್ರಾಂತಿಯವರು 'ಮನುಷ್ಯನ ಹಕ್ಕು' ಅಂತ ಸಾರಿದರಲ್ಲ, ಕಾಣದವನಿಗೆ ಹಕ್ಕು ಬರೆದುಕೊಟ್ಟು ಏನು ಪ್ರಯೋಜನ ಅಂತ. ಕೂತು ಬರೆದ ಸಂವಿಧಾನ ಅವನ ಲೆಕ್ಕದಲ್ಲಿ ಬರೀ ಕಾಗದ. ಅಧಿಕಾರವನ್ನು 'ಯಾಕೆ' ಅಂತ ಕೇಳುವ ಅಭ್ಯಾಸ ಒಮ್ಮೆ ಶುರುವಾದರೆ ರಾಜ, ಧರ್ಮ, ಮನೆ ಒಂದೂ ನಿಲ್ಲುವುದಿಲ್ಲ ಅನ್ನುವುದು ಅವನ ಭಯ, ಮತ್ತು ನಿಜ ಹೇಳಬೇಕಂದ್ರೆ ಆ ಭಯದ ಅರ್ಧ ಸರಿಯೇ, ಕೇಳಿದ ಮೇಲೆ ಎಷ್ಟೋ ನಿಲ್ಲಲಿಲ್ಲ. ಗಲ್ಲಿಗೇರಿಸುವವನ ಬಗ್ಗೆ ಅವನು ಬರೆದ ಚಿತ್ರ ಓದಿದರೆ ಮೈ ಜುಂ ಅನ್ನುತ್ತದೆ. ಯಾರೂ ಪಕ್ಕದಲ್ಲಿ ಮನೆ ಮಾಡಲೂ ಒಪ್ಪದ ಆ ಮನುಷ್ಯನೇ ಸಮಾಜದ ಭಯವೂ ಹೌದು, ಸಮಾಜವನ್ನು ಕಟ್ಟಿ ಹಿಡಿದ ಗಂಟೂ ಹೌದು, ಅವನನ್ನು ತೆಗೆದರೆ ಸಿಂಹಾಸನವೇ ಉರುಳುತ್ತದೆ ಅನ್ನುತ್ತಾನೆ. ಇಷ್ಟು ಬಿಚ್ಚಿ ಹೇಳುವವರು ಕಮ್ಮಿ.

ಸುಣ್ಣದಗೋಡೆ:
ಹಳೇಬೇರು ಅವರೇ, ಚೆನ್ನಾಗಿ ಬರೆದಿದ್ದೀರಿ, ಆದರೆ ಮಾತಿನ ಚೆಂದಕ್ಕೆ ಸ್ವಲ್ಪ ಮರುಳಾಗಿದ್ದೀರಿ ಅನಿಸಿತು. ಈ ತತ್ವ ಅಧಿಕಾರಕ್ಕೆ ಬಂದಾಗ ಯಾರ ತಲೆಗೆ ಬಂತು ನೋಡಿ. ಕ್ರಾಂತಿ 1792ರಲ್ಲಿ ವಿಚ್ಛೇದನಕ್ಕೆ ಕಾನೂನು ತಂದಿತ್ತು. ರಾಜಮನೆತನ ವಾಪಸ್ ಬಂದ ಮೇಲೆ ಲೂಯಿ ದ ಬೊನಾಲ್ಡ್ ಅನ್ನುವ ಇನ್ನೊಬ್ಬ ದೊಡ್ಡ ಪ್ರತಿಗಾಮಿ ಮುಂದೆ ನಿಂತು 1816ರಲ್ಲಿ ಅದನ್ನು ತೆಗೆಸಿದ. ಅವನ ವಾದ ಸರಳ. ದೇಶಕ್ಕೆ ರಾಜ, ಮನೆಗೆ ಅಪ್ಪ. ಹೆಂಡತಿ ಬಿಟ್ಟು ಹೋಗಬಹುದು ಅಂದರೆ ನಾಳೆ ಪ್ರಜೆಯೂ ರಾಜನನ್ನು ಬಿಡಬಹುದು. ವಿಚ್ಛೇದನ ಮತ್ತೆ ಸಿಕ್ಕಿದ್ದು 1884ರಲ್ಲಿ. 68 ವರ್ಷ! ಪುಸ್ತಕದಲ್ಲಿ 'ಸುವ್ಯವಸ್ಥೆ' ಅಂತ ಓದುವುದು ಸುಲಭ, ಆ 68 ವರ್ಷ ಹೊಡೆಯುವ ಗಂಡನ ಜೊತೆ ಕಳೆದವಳನ್ನು ಕೇಳಬೇಕಿತ್ತು.

ಬಿಳಿಬಾವುಟ:
ನನ್ನ ಹೆಸರೇ ಈ ಕತೆಯಿಂದ ಬಂದದ್ದು, ಹಾಗಾಗಿ ಹೇಳದೆ ಬಿಡಲಾರೆ. 1871ರ ಫ್ರಾನ್ಸ್. ಚುನಾವಣೆಯಲ್ಲಿ ಗೆದ್ದವರಲ್ಲಿ ರಾಜಪಕ್ಷದವರೇ ಜಾಸ್ತಿ, ಸಿಂಹಾಸನ ಖಾಲಿ, ಶಾಂಬೋರ್ ಕೌಂಟ್ ಅನ್ನುವ ವಾರಸುದಾರನೂ ತಯಾರು. ಒಂದೇ ಷರತ್ತು: ಕ್ರಾಂತಿಯ ಕಾಲದ ಮೂರು ಬಣ್ಣದ ಬಾವುಟ ಇರಲಿ. ಅವನು ಆಗಲ್ಲ ಅಂದ. ತನ್ನ ವಂಶದ ಹಳೆಯ ರಾಜ ನಾಲ್ಕನೇ ಹೆನ್ರಿಯ ಬಿಳಿ ಬಾವುಟವೇ ಬೇಕು. ಅವನ ಕಡೆಯವರೇ ಗೋಗರೆದರು. 1873ರ ಅಕ್ಟೋಬರ್‌ನಲ್ಲಿ ಮತ್ತೆ ಪತ್ರ ಬರೆದು ಇಲ್ಲ ಅಂದ. ಗೆದ್ದ ಆಟವನ್ನು ಒಂದು ಬಟ್ಟೆಗೋಸ್ಕರ ಬಿಟ್ಟ ಅಂತ ಜನ ನಗುತ್ತಾರೆ, ಆದರೆ ಅವನಿಗೆ ತನ್ನ ತತ್ವ ಸರಿಯಾಗಿ ಅರ್ಥವಾಗಿತ್ತು ಅನ್ನುವುದು ನನ್ನ ಅಭಿಪ್ರಾಯ. ಜನ ಷರತ್ತು ಹಾಕಿ ಕೂರಿಸಿದ ರಾಜ ಜನರ ನೌಕರ, ರಾಜನಲ್ಲ. ಕೊನೆಗೆ 1875ರಲ್ಲಿ ಗಣರಾಜ್ಯ ಕಾನೂನಿನೊಳಗೆ ಬಂದದ್ದು ಒಂದೇ ಒಂದು ಮತದ ಅಂತರದಲ್ಲಿ, 353ಕ್ಕೆ 352.

ಮಂಕುದೀಪ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಸಂಪ್ರದಾಯವಾದಿ ಆಗಿದ್ದರೆ ಬಾವುಟ ಒಪ್ಪಿಕೊಂಡು ಕುರ್ಚಿ ಉಳಿಸಿಕೊಳ್ಳುತ್ತಿದ್ದ. ಪ್ರತಿಗಾಮಿಗೆ ಇರುವುದನ್ನು ಉಳಿಸುವುದಲ್ಲ, ಹೋದದ್ದು ಪೂರ್ತಿ ಬೇಕು. ತಮಾಷೆ ಅಂದರೆ ಹೋದದ್ದು ಹೇಗಿತ್ತು ಅಂತ ಇವನಿಗೂ ಗೊತ್ತಿಲ್ಲ, ಹುಟ್ಟಿದ್ದೇ 1820ರಲ್ಲಿ!

ಹಳೇಬೇರು:
ಸುಣ್ಣದಗೋಡೆ ಮೇಡಂ, ಏಟು ಸರಿಯಾಗಿ ಬಿತ್ತು, ಒಪ್ಪಿದೆ. ಬಿಳಿಬಾವುಟ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಈಗಿನ 'ನವ ಪ್ರತಿಗಾಮಿ'ಗಳಿಗೆ ಆ ಹೋದದ್ದೂ ಬೇಡ. ಅಮೆರಿಕದ ಕರ್ಟಿಸ್ ಯಾರ್ವಿನ್ 2007ರಿಂದ ಬೇರೆ ಹೆಸರಿನಲ್ಲಿ ಬ್ಲಾಗ್ ಬರೆಯುತ್ತಿದ್ದ ಸಾಫ್ಟ್‌ವೇರ್ ಮನುಷ್ಯ. ಪ್ರಜಾಪ್ರಭುತ್ವ ಕೆಟ್ಟುಹೋಗಿದೆ, ದೇಶವನ್ನು ಕಂಪನಿ ಥರ ಒಬ್ಬ ಸಿಇಒ ನಡೆಸಲಿ ಅನ್ನುತ್ತಾನೆ. ಮೇಸ್ತ್ರ್ ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದ. ಅವನ ರಾಜನ ಹಿಂದೆ ದೇವರಿದ್ದ, ಇವನ ರಾಜನ ಹಿಂದೆ ಷೇರುದಾರರು.

ಮಂಕುದೀಪ:
ಎಲ್ಲರಿಗೂ ಥ್ಯಾಂಕ್ಸ್. ನನ್ನ ಗೆಳೆಯ ಅಂದು ಹೇಳಿದ್ದು, ಮಕ್ಕಳು ಮಗ್ಗಿ ಬಾಯಿಪಾಠ ಮಾಡಬೇಕು ಅಂತ, ಅಷ್ಟೇ. ಅವನಿಗೆ ಮೆಸೇಜ್ ಹಾಕಿ ಹಣೆಪಟ್ಟಿ ಕಿತ್ತೆ ಕಣೋ ಅಂದೆ. 'ಅಂಟು ಇನ್ನೂ ಹಾಗೇ ಇದೆ' ಅಂತ ಉತ್ತರ ಬಂತು.