ಪ್ರೈವೇಟ್ ಅಕೌಂಟ್‌ನ ಫೋಟೋ ಕೋರ್ಟಿಗೆ ಬಂದರೆ ಏನು ಮಾಡಬೇಕು? (ಪ್ರಶ್ನೋತ್ತರ)

ಪ್ರಶ್ನೆ (ಮೈಸೂರಿನ ಸದಸ್ಯೆ): ಮೇಡಂ, ನಮಸ್ತೆ. ಫ್ಯಾಮಿಲಿ ಕೋರ್ಟಿನಲ್ಲಿ ಜೀವನಾಂಶಕ್ಕೆ ಅರ್ಜಿ ಹಾಕಿದ್ದೇನೆ. ನನ್ನ ಇನ್‌ಸ್ಟಾಗ್ರಾಂ ಪ್ರೈವೇಟ್ ಇದೆ, ಗುರುತಿನವರಿಗೆ ಬಿಟ್ಟು ಯಾರಿಗೂ ಕಾಣುವುದಿಲ್ಲ. ಆದರೂ ಗಂಡನ ಕಡೆ ವಕೀಲರು ನನ್ನ ಗೋವಾ ಫೋಟೋ, ತಂಗಿ ಮದುವೆಯಲ್ಲಿ ರೇಷ್ಮೆ ಸೀರೆ ಉಟ್ಟ ಫೋಟೋ ಎಲ್ಲಾ ಪ್ರಿಂಟ್ ಹಾಕಿಸಿ ಕೊಟ್ಟಿದ್ದಾರೆ. ಇದು ನನ್ನ ಖಾಸಗಿತನಕ್ಕೆ ಧಕ್ಕೆ ಅಲ್ವಾ?

ಉತ್ತರ (ವಕೀಲೆ): ನಮಸ್ತೆ. ನಿಮಗೆ ಎಷ್ಟು ಬೇಜಾರಾಗಿರಬೇಕು ಎಂದು ಗೊತ್ತಾಗುತ್ತದೆ. ಆದರೆ ಅಕೌಂಟ್ ಪ್ರೈವೇಟ್ ಇತ್ತು ಎನ್ನುವ ಒಂದೇ ಕಾರಣಕ್ಕೆ ಕೋರ್ಟ್ ಆ ಫೋಟೋಗಳನ್ನು ಹೊರಗಿಡುವುದಿಲ್ಲ. ನಿಮ್ಮನ್ನು ಫಾಲೋ ಮಾಡುವ ಯಾರೋ ಸ್ಕ್ರೀನ್‌ಶಾಟ್ ತೆಗೆದು ಕೊಟ್ಟಿರುತ್ತಾರೆ, ಅವರನ್ನು ಒಳಗೆ ಬಿಟ್ಟವರು ನೀವೇ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿದ್ದು ನಿಜ. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದರೆ ಈ ಹಕ್ಕಿಗೂ ಮಿತಿ ಇದೆ ಎಂದು ಅದೇ ತೀರ್ಪು ಹೇಳುತ್ತದೆ. ಅದೂ ಅಲ್ಲದೆ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ವ್ಯಾಜ್ಯ ಬಗೆಹರಿಸಲು ನೆರವಾಗುತ್ತದೆ ಎನಿಸಿದ ಯಾವುದೇ ದಾಖಲೆಯನ್ನು ಫ್ಯಾಮಿಲಿ ಕೋರ್ಟ್ ತೆಗೆದುಕೊಳ್ಳಬಹುದು. ಸಾಕ್ಷ್ಯ ಕಾನೂನಿನ ಬಿಗಿ ಅಲ್ಲಿ ಅಷ್ಟಿಲ್ಲ.

ಹಾಗಾಗಿ ನಿಮ್ಮ ಶಕ್ತಿಯನ್ನೆಲ್ಲ ಖಾಸಗಿತನದ ವಾದಕ್ಕೆ ಸುರಿಯಬೇಡಿ. ಈ ಫೋಟೋದಿಂದ ಸಾಬೀತಾಗುವುದಾದರೂ ಏನು ಎಂದು ಕೇಳಿಸಿ. ರೇಷ್ಮೆ ಸೀರೆ ಉಟ್ಟು ತಂಗಿ ಪಕ್ಕ ನಿಂತರೆ ತಿಂಗಳ ಸಂಬಳ ಗೊತ್ತಾಗುತ್ತದಾ? ಗೋವಾಕ್ಕೆ ಯಾರ ದುಡ್ಡಿನಲ್ಲಿ ಹೋಗಿದ್ದು, ಯಾವ ವರ್ಷದ್ದು, ಮದುವೆ ಚೆನ್ನಾಗಿದ್ದ ಕಾಲದ್ದಾ? ಪಾಟಿ ಸವಾಲಿನಲ್ಲಿ ನಿಮ್ಮ ವಕೀಲರು ಕೇಳಬೇಕಾದ್ದು ಇದನ್ನೇ. ಆದಾಯದ ಲೆಕ್ಕಕ್ಕೆ ಇಬ್ಬರೂ ಆಸ್ತಿ ಮತ್ತು ಸಾಲದ ಅಫಿಡವಿಟ್ ಕೊಡಲೇಬೇಕು ಎಂದು 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದೆ ಒಂದು ಫೋಟೋ ಜಾಸ್ತಿ ಹೊತ್ತು ನಿಲ್ಲುವುದಿಲ್ಲ.

ಒಂದು ವಿಷಯ ಮಾತ್ರ ನೇರವಾಗಿ ಹೇಳುತ್ತೇನೆ. ಅದೇ ಅಕೌಂಟಿನಲ್ಲಿ ನೀವು ಕೇಕ್ ಆರ್ಡರ್ ತಗೊಳ್ಳುವ ಪೋಸ್ಟ್ ಹಾಕಿ, ಕೆಜಿಗೆ ಇಷ್ಟು ಎಂದು ಬರೆದಿದ್ದರೆ, ಅಫಿಡವಿಟ್‌ನಲ್ಲಿ "ಆದಾಯ ಏನೂ ಇಲ್ಲ" ಎಂದಿದ್ದರೆ, ಆ ಪೋಸ್ಟ್ ನಿಮ್ಮನ್ನು ಕಾಡುತ್ತದೆ. ಅಂಥದ್ದಿದ್ದರೆ ಈಗಲೇ ನಿಮ್ಮ ವಕೀಲರಿಗೆ ತಿಳಿಸಿ.

ಮರುಪ್ರಶ್ನೆ (ಅದೇ ಸದಸ್ಯೆ): ಹಾಗಾದರೆ ಹಳೆಯ ಪೋಸ್ಟ್‌ಗಳನ್ನೆಲ್ಲ ಸುಮ್ನೆ ಡಿಲೀಟ್ ಮಾಡಿಬಿಡ್ಲಾ?

ಉತ್ತರ: ದಯವಿಟ್ಟು ಬೇಡ! ಸ್ಕ್ರೀನ್‌ಶಾಟ್ ಅವರ ಕೈಯಲ್ಲಿ ಆಗಲೇ ಇದೆ. ನೀವು ಅಳಿಸಿದ್ದು ಗೊತ್ತಾದರೆ, ಇದ್ದಿದ್ದು ನಿಮಗೆ ವಿರುದ್ಧವಾಗಿಯೇ ಇತ್ತು ಎಂದು ಕೋರ್ಟ್ ಭಾವಿಸಬಹುದು. ಕೋರ್ಟಿಗೆ ಸಿಗದ ಹಾಗೆ ಸಾಕ್ಷ್ಯ ನಾಶ ಮಾಡುವುದು ಅಪರಾಧವೂ ಹೌದು. ಅಮೆರಿಕದ ವರ್ಜಿನಿಯಾದಲ್ಲಿ ಹೀಗೊಂದು ಕೇಸ್ ನಡೆದಿತ್ತು, ಲೆಸ್ಟರ್ ವಿರುದ್ಧ ಅಲೈಡ್ ಕಾಂಕ್ರೀಟ್ ಎಂದು. ಲಾರಿ ಅಪಘಾತದಲ್ಲಿ ಹೆಂಡತಿಯನ್ನು ಕಳೆದುಕೊಂಡವರು ಪರಿಹಾರ ಕೇಳಿದ್ದರು. ಅವರ ವಕೀಲರ ಕಚೇರಿಯಿಂದಲೇ ಫೇಸ್‌ಬುಕ್ "ಕ್ಲೀನ್" ಮಾಡಿ ಎಂಬ ಸಲಹೆ ಹೋಯಿತು. ಅವರು 16 ಫೋಟೋ ಅಳಿಸಿದರು. ಕೊನೆಗೆ ವಕೀಲರಿಗೆ 5,42,000 ಡಾಲರ್, ಕಕ್ಷಿದಾರರಿಗೆ 1,80,000 ಡಾಲರ್ ದಂಡ ಬಿತ್ತು. ಹೆಂಡತಿ ತೀರಿಕೊಂಡ ದುಃಖದಲ್ಲಿದ್ದ ಮನುಷ್ಯನಿಗೆ ಅಂಥ ಸಲಹೆ ಕೊಟ್ಟಿದ್ದು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ. ಹೊಸ ಪೋಸ್ಟ್ ಹಾಕುವುದನ್ನು ನಿಲ್ಲಿಸಿ, ಗುರುತಿಲ್ಲದ ಫಾಲೋವರ್‌ಗಳನ್ನು ತೆಗೆಯಿರಿ. ಇರುವ ಪೋಸ್ಟ್‌ಗಳನ್ನು ಮುಟ್ಟಬೇಡಿ.

ಪ್ರಶ್ನೆ (ದಾವಣಗೆರೆಯ ಸದಸ್ಯ): ಮೇಡಂ, ಸ್ನೇಹಿತನಿಗೆ 2 ಲಕ್ಷ ಕೈಸಾಲ ಕೊಟ್ಟಿದ್ದೆ. ಪತ್ರ ಏನೂ ಇಲ್ಲ. "ದೀಪಾವಳಿಗೆ ಕೊಡ್ತೀನಿ ಕಣೋ" ಎಂದು ಅವನು ವಾಟ್ಸಾಪ್‌ನಲ್ಲಿ ಬರೆದಿದ್ದಾನೆ. ಸ್ಕ್ರೀನ್‌ಶಾಟ್ ಸಾಕಾ?

ಉತ್ತರ: ಸ್ಕ್ರೀನ್‌ಶಾಟ್ ಒಂದೇ ಸಾಲದು ಸರ್. ನಿಮ್ಮ ಫೋನಿನಲ್ಲಿ ಯಾರ ನಂಬರನ್ನು ಯಾವ ಹೆಸರಿನಲ್ಲಿ ಬೇಕಾದರೂ ಸೇವ್ ಮಾಡಬಹುದು ಎಂದು ಎದುರು ವಕೀಲರು ಮೊದಲ ದಿನವೇ ಹೇಳುತ್ತಾರೆ. ಅದಕ್ಕೆ ಚಾಟ್‌ನ ಮೇಲಿನ ಹೆಸರನ್ನು ಒತ್ತಿ ನಂಬರ್ ಕಾಣುವ ಪುಟವನ್ನೂ ತೆಗೆದಿಡಿ. ಹಿಂದೆ ಮುಂದೆ ಕತ್ತರಿಸದೆ ಇಡೀ ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡಿ. ದುಡ್ಡು ಕಳಿಸಿದ ಬ್ಯಾಂಕ್ ಎಂಟ್ರಿಯನ್ನು ಜೊತೆಗಿಡಿ.

ಪ್ರಿಂಟ್ ಕೊಡುವುದಾದರೆ, ಹಳೆಯ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಇದು ಎರಡು ಭಾಗದಲ್ಲಿದೆ. ಒಂದು ನೀವು ಸಹಿ ಮಾಡುವುದು, ಇನ್ನೊಂದು ತಜ್ಞರದ್ದು. ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲಿನ ಬೆರಳಚ್ಚಿನಂಥ ಸಂಕೇತ, ಫೈಲ್ ಸ್ವಲ್ಪ ಬದಲಾದರೂ ಇದು ಬದಲಾಗುತ್ತದೆ) ಅದರಲ್ಲಿ ಬರೆಯಬೇಕು. ಫೋನನ್ನೇ ಕೋರ್ಟಿಗೆ ತಂದು, ಕಟಕಟೆಯಲ್ಲಿ ನಿಂತು ಇದು ನನ್ನದು ಎಂದು ಸಾಕ್ಷ್ಯ ನುಡಿದರೆ ಪ್ರಮಾಣಪತ್ರ ಬೇಕಿಲ್ಲ ಎಂದು ಹಳೆಯ ಸಾಕ್ಷ್ಯ ಕಾಯ್ದೆಯಡಿ 2020ರ ಅರ್ಜುನ್ ಪಂಡಿತರಾವ್ ತೀರ್ಪು ಹೇಳಿದೆ. ಆದ್ದರಿಂದ ಆ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ. ಸಾಲ ಕೊಟ್ಟ ದಿನದಿಂದ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹಾಕಬೇಕು, ಅದೂ ನೆನಪಿರಲಿ.

ಪ್ರಶ್ನೆ (ಹೆಸರು ಬೇಡ ಎಂದವರು): ನನ್ನ ಹೆಂಡತಿಯ ವಾಟ್ಸಾಪ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಆಗಿ ಉಳಿದಿದೆ. ಡಿವೋರ್ಸ್ ಕೇಸಿಗೆ ಅದರಿಂದ ಚಾಟ್ ತೆಗೆಯಬಹುದಾ? ಸುಪ್ರೀಂ ಕೋರ್ಟ್ ಒಪ್ಪಿದೆ ಅಂತಾರಲ್ಲ?

ಉತ್ತರ: 2025ರ ಜುಲೈ 14ರ ವಿಭೋರ್ ಗರ್ಗ್ ತೀರ್ಪನ್ನು ಹೇಳುತ್ತಿದ್ದೀರಿ ಅನಿಸುತ್ತದೆ. ಗಂಡ ಗುಟ್ಟಾಗಿ ರೆಕಾರ್ಡ್ ಮಾಡಿದ ದಂಪತಿಯ ಮಾತುಕತೆಯನ್ನು ವಿಚ್ಛೇದನ ಕೇಸಿನಲ್ಲಿ ಸಾಕ್ಷ್ಯವಾಗಿ ತಗೊಳ್ಳಬಹುದು ಎಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಹೇಳಿತು. ಅಲ್ಲಿದ್ದದ್ದು ಗಂಡ ಹೆಂಡತಿ ಒಬ್ಬರಿಗೊಬ್ಬರು ಆಡಿದ ಮಾತು. ನೀವು ಓದಲು ಹೊರಟಿರುವುದು ಅವರು ಬೇರೆಯವರೊಂದಿಗೆ ಬರೆದದ್ದು. ಅನುಮತಿ ಇಲ್ಲದೆ ಇನ್ನೊಬ್ಬರ ಖಾತೆಯೊಳಗೆ ಹೋದರೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಅಡಿ ನಿಮ್ಮ ಮೇಲೆಯೇ ಕೇಸ್ ಆಗಬಹುದು. ತಂದ ದಾಖಲೆಯನ್ನು ಕೋರ್ಟ್ ನೋಡಿದರೂ ನಿಮ್ಮ ತಪ್ಪು ಮಾಫಿ ಆಗುವುದಿಲ್ಲ. ಲಾಗೌಟ್ ಮಾಡಿ. ಯಾವ ದಾಖಲೆ ಬೇಕು, ಯಾವ ಅವಧಿಯದ್ದು ಎಂದು ನಿಖರವಾಗಿ ಬರೆದು, ಅದನ್ನು ಹಾಜರುಪಡಿಸಲು ಆದೇಶ ಕೊಡಿ ಎಂದು ಕೋರ್ಟಿಗೇ ಅರ್ಜಿ ಹಾಕಿಸಿ. "ಇಡೀ ಫೋನ್ ಕೊಡಿಸಿ" ಎಂದು ಕೇಳಿದರೆ ಸಿಗುವುದು ಕಷ್ಟ.

ಮೈಸೂರಿನ ಸದಸ್ಯೆ: ಥ್ಯಾಂಕ್ಸ್ ಮೇಡಂ. ತುಂಬಿದ ಕೋರ್ಟ್ ಹಾಲ್‌ನಲ್ಲಿ ನನ್ನ ಫೋಟೋ ತೋರಿಸ್ತಾರೆ ಅನ್ನೋದೇ ಭಯ.

ಉತ್ತರ: ಅದನ್ನು ತಪ್ಪಿಸಬಹುದು. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಇಬ್ಬರಲ್ಲಿ ಒಬ್ಬರು ಕೇಳಿದರೂ ವಿಚಾರಣೆಯನ್ನು ಬಾಗಿಲು ಮುಚ್ಚಿಯೇ ನಡೆಸಬೇಕು. ಮುಂದಿನ ದಿನಾಂಕಕ್ಕೆ ಮೊದಲೇ ನಿಮ್ಮ ವಕೀಲರಿಂದ ಒಂದು ಪುಟದ ಅರ್ಜಿ ಹಾಕಿಸಿ.