‘ಆ್ಯರಬಲ್’ ಭೂಮಿಗೆ ‘ಕೃಷಿಯೋಗ್ಯ’ ಸಲ್ಲದು

ಬಳಗದವರಿಗೆ ನಮಸ್ಕಾರ.

ಕುಷ್ಟಗಿ ತಾಲ್ಲೂಕಿನ ಒಂದು ಊರಿಗೆ ಭೂಬಳಕೆಯ ನಕ್ಷೆ ಬರೆಸುತ್ತಿದ್ದೇವೆ. ಫಲಕ ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. ಅದರಲ್ಲಿ ಬರೆಯಲು ‘ಆ್ಯರಬಲ್’ (arable) ಎಂಬ ಇಂಗ್ಲಿಷ್ ಪದಕ್ಕೆ ಕನ್ನಡ ಪದವನ್ನು ಬಳಗದಲ್ಲಿ ಕೇಳಿದೆ; ಹೆಚ್ಚಿನವರು ‘ಕೃಷಿಯೋಗ್ಯ’ ಎಂದಿರಿ. ಒಪ್ಪಲಾರೆ.

ಮೂಲ ಲ್ಯಾಟಿನ್ನಿನ ‘ಅರಾರೆ’, ಅಂದರೆ ಉಳು. ಅದರಿಂದ ‘ಅರಾಬಿಲಿಸ್’, ಉಳಬಹುದಾದದ್ದು. ಕೊನೆಯ ‘ಏಬಲ್’ ಕಂಡು ‘ಉಳುಮೆಗೆ ಸಮರ್ಥ’ ಎಂದವರು ಎಡವಿದ್ದಾರೆ. ಸಮರ್ಥ ಎಂಬರ್ಥದ ಇಂಗ್ಲಿಷ್ ಪದ ‘ಹಾಬಿಲಿಸ್’ನಿಂದ ಬಂದದ್ದು, ಇಲ್ಲಿರುವುದು ಬರಿಯ ‘ಬಿಲಿಸ್’ ಪ್ರತ್ಯಯ.

ಆದರೆ ಇಂದಿನ ಅರ್ಥ ಧಾತುವಿನಷ್ಟಕ್ಕೇ ನಿಂತಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲಿ ಅದು ವರ್ಷವರ್ಷ ಬಿತ್ತಿ ಬೆಳೆಯುವ ಹೊಲ, ತಾತ್ಕಾಲಿಕ ಹುಲ್ಲುಗಾವಲು, 5 ವರ್ಷಕ್ಕಿಂತ ಕಡಿಮೆ ಕಾಲ ಬೀಳುಬಿಟ್ಟ ನೆಲ. ಮುಂದೆಂದಾದರೂ ಸಾಗುವಳಿಗೆ ತರಬಹುದಾದ ಪಾಳು ನೆಲ ಅದರಲ್ಲಿಲ್ಲ, ಬಹುವಾರ್ಷಿಕ ತೋಟವೂ ಇಲ್ಲ. ‘ಕೃಷಿಯೋಗ್ಯ’ ಎಂದು ಬರೆದರೆ ದಾಳಿಂಬೆ ತೋಟ, ಪಾಳು, ಜೋಳದ ಹೊಲ ಎಲ್ಲವೂ ಒಂದೇ ಬಣ್ಣಕ್ಕೆ ಸೇರುತ್ತವೆ. ನಕ್ಷೆಯೇ ಸುಳ್ಳಾಗುತ್ತದೆ.

ಎತ್ತಿನ ಜೋಡಿಯನ್ನು ಹೇಳುವ ನಮ್ಮ ‘ಆರು’ ಪದವೇ ಲ್ಯಾಟಿನ್ನಿಗೆ ಹೋಯಿತೆಂಬ ವಾದವನ್ನು ಇನ್ನಾದರೂ ಬಿಡಿ. ಅದು ತಮಿಳಿನ ‘ಏರ್’ ಪದದ ಬಳಗದ್ದು. ‘ಅರಾರೆ’ಯ ಬಳಗ ಗ್ರೀಕಿನಲ್ಲಿದೆ, ಹಳೆಯ ಇಂಗ್ಲಿಷಿನಲ್ಲಿದೆ. ಒಂದೆರಡು ಅಕ್ಷರ ಹೊಂದಿದರೆ ನಂಟಾಗುವುದಿಲ್ಲ.

ಒಣ ಬೇಸಾಯದ ಹೊಲವನ್ನು ಹೇಳುವ ‘ಖುಷ್ಕಿ’ ಪಾರಸಿಯದು, ಫಲಕಕ್ಕೆ ಬೇಡ ಎಂದವರ ಮಾತು ನೋವು ತಂದಿತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಸೀಮೆ ನಮ್ಮದು. ಖುಷ್ಕಿ, ತರಿ (ನೀರಾವರಿ ಗದ್ದೆ), ಬಾಗಾಯತು (ತೋಟದ ನೆಲ) ಎಂದೇ ನಮ್ಮ ಹಿರಿಯರು ತಮ್ಮ ಹೊಲಗಳನ್ನು ಗುರುತಿಸಿದರು, ಅವು ನಮ್ಮವೇ. ಇಂಗ್ಲಿಷಿಗೂ ಉಳುಮೆಗೆ ‘ಇಯರ್’ ಎಂಬ ಸ್ವಂತ ಕ್ರಿಯಾಪದವಿತ್ತು. ಅದು ಬಳಕೆ ತಪ್ಪಿತು, ಲ್ಯಾಟಿನ್ನಿನ ಗುಣವಾಚಕ ‘ಆ್ಯರಬಲ್’ ಉಳಿಯಿತು. ನಾನು ಖುಷ್ಕಿಯನ್ನು ಬಿಡುವುದು ಅರ್ಥ ಸಾಲದೆಂದು ಮಾತ್ರ: ಅದು ಮಳೆ ನಂಬಿದ ಹೊಲ; ಗಂಗಾವತಿಯ ಕಾಲುವೆ ನೀರಿನ ಭತ್ತದ ಗದ್ದೆಯೂ ಆ್ಯರಬಲ್ ಭೂಮಿಯೇ.

‘ಉಳುಮೆ ಭೂಮಿ’ ಎಂದು ಬಹುತೇಕ ನಿಶ್ಚಯಿಸಿದ್ದೆ. ಆಗ ಸಿಂಧನೂರಿನ ಹಿರಿಯರೊಬ್ಬರು ಕೇಳಿದರು: ‘ಎರೆ (ಕಪ್ಪು ಮಣ್ಣಿನ) ಹೊಲಕ್ಕೆ ಪ್ರತಿ ವರ್ಷ ರಂಟೆ (ನೇಗಿಲು) ಎಲ್ಲಿ ಹೊಡೆಯುತ್ತೇವೆ? ಕುಂಟೆ (ಮೇಲ್ಮಣ್ಣು ಹರಗುವ ಸಾಧನ) ಹೊಡೆದು ಕೂರಿಗೆ (ಬಿತ್ತುವ ಸಾಧನ) ಹೂಡುತ್ತೇವೆ.’ ಈ ಚರ್ಚೆಯಲ್ಲಿ ನೆಲ ನೋಡಿ ಬಂದ ಮಾತು ಅದೊಂದೇ. ಧಾತುವಿಗೆ ಅಂಟಿಕೊಂಡು ನಾನೂ ತಪ್ಪುತ್ತಿದ್ದೆ. ರಂಟೆ ಹೊಡೆಯಲಿ, ಬಿಡಲಿ, ಆ ಹೊಲಕ್ಕೆ ಬಿತ್ತನೆ ತಪ್ಪದು. ದಾಳಿಂಬೆ ತೋಟಕ್ಕೆ ವರ್ಷವರ್ಷ ಬಿತ್ತನೆಯಿಲ್ಲ.

‘ಬಿತ್ತನೆ ಭೂಮಿ’ ಎಂದು ಬರೆಸುತ್ತೇನೆ. ಬಳಕೆಯಲ್ಲಿರುವ ಇನ್ನೂ ಒಳ್ಳೆಯ ಪದ ಗೊತ್ತಿದ್ದವರು ನಾಳೆ ಮಧ್ಯಾಹ್ನದೊಳಗೆ ತಿಳಿಸಿ.